ತಲಾಟಿ ಸಾಹೇಬರ ಖುರ್ಚಿ

ನಮ್ಮ ದೊಡ್ಡವ್ವನಿಗೆ ಸರಕಾರದ ವಿಧವಾ ಪಗಾರ ಬೇಕಿತ್ತು. ಆದರೆ ಬಡವಿ ಅನ್ನಿಸಿಕೊಳ್ಳುವುದು ಬೇಕಿರಲಿಲ್ಲ. ಎರಡೂ ಕೂಡಿ ಬರುವುದಿಲ್ಲ ಎಂದು ಅವಳ ಮುಂದೆ ಹೇಳುವ ಎದೆಗಾರಿಕೆ ದುಂಡಸಿಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಶಾಲೆ ಕಲಿತವಳು ಅನ್ನಿಸಿಕೊಂಡ ನನಗಂತೂ ಇರಲೇ ಇಲ್ಲ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಮಕ್ಕಳಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಕಳೆ ತೆಗೆಯುವ ಕೂಲಿಗೆ ಹೋಗಿ ಬದುಕಿದವಳು. ಮೊಣಕಾಲು ಕೈಕೊಟ್ಟ ಮೇಲೆ ಊಟ ನಮ್ಮ ಮನೆಯಿಂದ ಹೋಗುತ್ತಿತ್ತು. ಊಟಕ್ಕೆ ಅವಳು ಸಂಕೋಚಪಡಲಿಲ್ಲ, ಆದರೆ ಎಲೆ-ಅಡಿಕೆಗಾಗಿ ತಂಗಿಯ ಮುಂದೆ ಕೈಯೊಡ್ಡುವಾಗ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದಳು. ಅದೂ ಸವಣೂರಿನ ಎಲೆಯೇ ಆಗಬೇಕು. ಬೇರೆ ಊರಿನ ಎಲೆಯನ್ನು ಆಡೂ ಮೂಸುವುದಿಲ್ಲ ಎಂಬುದು ಅವಳ ತೀರ್ಮಾನ. "ಒಂದ್ ಎಲಿಗೂ ಕೈ ಒಡ್ಡೋದಾತಲ್ಲ ನನ್ನ ಬಾಳೇ," ಎಂದು ಒಮ್ಮೆ ಅಂದಳು. ಮರುದಿನವೇ ನಾನು ಶಿಗ್ಗಾಂವಿಯ ಬಸ್ಸು ಹತ್ತಿ ಅರ್ಜಿ ಕೊಟ್ಟು ಬಂದೆ.

ಮನೆಯ ಸ್ಥಿತಿ ನೋಡಲು ತಲಾಟಿ, ಅಂದರೆ ಊರಿನ ಗ್ರಾಮಲೆಕ್ಕಿಗರು, ಬರುತ್ತಾರೆಂದು ಸುದ್ದಿ ಬಂತು. ಆ ದಿನ ನಾನು ಹಾನಗಲ್ಲಿನಲ್ಲಿ ಒಂದು ಮದುವೆಯಲ್ಲಿದ್ದೆ. ಎಡವಟ್ಟಾದದ್ದು ಅಲ್ಲೇ. ಹೊರಗಿನವರು ಮನೆ ನೋಡಲು ಬರುತ್ತಾರೆಂದರೆ ನಮ್ಮ ಓಣಿಗೆ ಒಂದೇ ರೀತಿ ಗೊತ್ತು: ಕನ್ಯೆ ನೋಡಲು ಬಂದವರಿಗೆ ಮಾಡುವ ರೀತಿ. ಎದುರು ಮನೆಯಿಂದ ಗಾದಿ ಹಾಕಿದ ಖುರ್ಚಿ ಬಂತು. ಪಕ್ಕದ ಮನೆಯಿಂದ ಫ್ಯಾನು ಬಂತು. ಬಳೆ ಮಾರುವ ಚಾಚಿ ತನ್ನ ಮಗಳ ಮದುವೆಗೆಂದು ಎತ್ತಿಟ್ಟಿದ್ದ ಹೂವಿನ ಚಿತ್ರದ ಚಹಾ ಕಪ್ಪು-ಬಸಿ ಕೊಟ್ಟಳು. ನಮ್ಮವ್ವ ತನ್ನ ಬಂಗಾರದ ಸರ ತೆಗೆದು ಅಕ್ಕನ ಕೊರಳಿಗೆ ಹಾಕಿದಳು. ಹೋಳಿಗೆ ಆಯಿತು, ಮೇಲೆ ತುಪ್ಪ ಬಿತ್ತು. ತಲಾಟಿ ಉಂಡರು, ಎಲೆ ಹಾಕಿಕೊಂಡರು, ಸುತ್ತಲೂ ಕಣ್ಣಾಡಿಸಿ ಹೋದರು.

ಬಹಳ ದಿನವಾದರೂ ಪಗಾರದ ಸುಳಿವಿಲ್ಲ. ಕೇಳೋಣವೆಂದು ಸಹಾಯವಾಣಿಗೆ ಫೋನು ಹಚ್ಚಿದೆ. ದೊಡ್ಡವ್ವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಹಾಡು ಕೇಳಿಸಿ ಕೇಳಿಸಿ, ಕೊನೆಗೊಬ್ಬ ಹುಡುಗಿ, "ಅರ್ಜಿ ತಿರಸ್ಕೃತವಾಗಿದೆ. ಕಾರಣ, ಅರ್ಜಿದಾರರು ಸ್ಥಿತಿವಂತರು," ಎಂದಳು. ದೊಡ್ಡವ್ವನ ಮುಖ ಅರಳಿತು.

"ಇನ್ನೊಮ್ಮೆ ಹೇಳು ಅನ್ನು ಆಕಿಗೆ," ಎಂದಳು.

ಸಂಜೆಯೊಳಗೆ ದೊಡ್ಡವ್ವ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. "ನಾ ಹೇಳಿದ್ದಲ್ಲ ಯವ್ವಾ, ಸರಕಾರನ ಹೇಳೈತಿ, ಸ್ಥಿತಿವಂತರಂತ!" ಓಣಿಯ ಹೆಂಗಸರೂ ತಮ್ಮ ಖುರ್ಚಿ, ಫ್ಯಾನು ಪಾಸಾದವೆಂದು ಹಿಗ್ಗಿದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಚಂಚಿಯಲ್ಲಿ ಎಲೆ ತೀರಿದ ದಿನ ದೊಡ್ಡವ್ವನ ಹಿಗ್ಗೂ ತೀರಿತು. ಮತ್ತೆ ಗೋಡೆಯ ಕಡೆ ಮುಖ. ನನ್ನ ಸಿಟ್ಟೆಲ್ಲ ತಲಾಟಿಯ ಮೇಲೆ. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ಈ ಮನುಷ್ಯ ಜಂತಿಯ ಜೊತೆಗೆ ಫ್ಯಾನನ್ನೂ ಎಣಿಸಿಕೊಂಡು ಹೋಗಿದ್ದ.

ಇನ್ನೊಮ್ಮೆ ಬಂದು ನೋಡಲಿ ಎಂದು ಸಹಾಯವಾಣಿಯವರ ಬೆನ್ನು ಹತ್ತಿದೆ. ಒಪ್ಪಿದರು. ಈ ಸಲ ನಾನೇ ಮುಂದೆ ನಿಂತು, ಎರವಲು ಸಾಮಾನು ಒಂದೂ ಹೊಸ್ತಿಲು ದಾಟಕೂಡದೆಂದು ಓಣಿಗೆ ತಾಕೀತು ಮಾಡಿದೆ. ದೊಡ್ಡವ್ವನಿಗೆ ಹಳೆಯ ಸೀರೆ ಉಟ್ಟುಕೋ ಎಂದೆ. "ಹರಕ ಸೀರಿ ಉಟ್ಟು ನಿಂತ್ರ, ಮ್ಯಾಲಿರೋ ನಿಮ್ಮ ದೊಡ್ಡಪ್ಪ ತಲಿ ಹ್ಯಾಂಗ ಎತ್ತಬೇಕು?" ಎಂದು ಇಳಕಲ್ ಸೀರೆಯನ್ನೇ ಉಟ್ಟಳು. ಹೋಗಲಿ, ಅದಾದರೂ ಅವಳದೇ.

ಅದೇ ತಲಾಟಿ ಬಂದರು. ಒಳಗೆ ಕಾಲಿಟ್ಟು ಆ ಕಡೆ ಈ ಕಡೆ ನೋಡಿದರು.

"ಖುರ್ಚಿ ಎಲ್ಲೈತ್ರಿ ಯವ್ವಾ?"

ದೊಡ್ಡವ್ವ ನೆಲ ನೋಡಿದಳು. "ಅದು ಎದುರು ಮನಿಯವರದ್ರಿ."

"ಫ್ಯಾನ?"

"ಬಾಜೂ ಮನೀದ್ರಿ."

"ಕೊಳ್ಳಾಗಿನ ಸರ?"

"ತಂಗೀದ್ರಿ."

"ಮತ್ತ ಹೋಳಿಗೀನೂ ಎರವಲೇನು?"

ದೊಡ್ಡವ್ವ ತಟ್ಟನೆ ತಲೆ ಎತ್ತಿದಳು. "ಹೋಳಿಗಿ ನನ್ನ ಕೈಯಾಂದ್ರಿ! ಬ್ಯಾಳಿ, ಬೆಲ್ಲ ಅಷ್ಟ ಎರವಲ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಅವಳು ಹಾಸಿದ ಕೌದಿಯ ಮೇಲೆ ಕಾಲು ಮಡಚಿ ಕೂತರು. "ಇಷ್ಟೆಲ್ಲ ನನ್ನ ಸಲುವಾಗಿ ಯಾಕ ಮಾಡಿದ್ರಿ?"

"ಸರಕಾರ ನಮ್ಮ ಮನಿಗೆ ಮತ್ತ ಯಾವಾಗ ಬಂದಿತ್ರಿ?"

ತಲಾಟಿಯ ಮೇಲೆ ಕೂಡಿಟ್ಟಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಪಗಾರ ಶುರುವಾಯಿತು. ದೊಡ್ಡವ್ವ ತನ್ನ ರೊಕ್ಕದಲ್ಲೇ ಎಲೆ ತರಿಸಿದಳು, ತಂಗಿಗೂ ಒಂದು ಕಟ್ಟು ಕಳಿಸಿದಳು. ಸ್ವಲ್ಪ ದಿನದ ಮೇಲೆ ಹೋಗಿ ನೋಡಿದರೆ ನಡುಮನೆಯಲ್ಲಿ ಹೊಸ ಕೆಂಪು ಪ್ಲಾಸ್ಟಿಕ್ ಖುರ್ಚಿ! ನಾನು ಹೌಹಾರಿದೆ.

"ದೊಡ್ಡವ್ವಾ, ಇದನ್ನ ನೋಡಿದ್ರ ಮತ್ತ ಸ್ಥಿತಿವಂತರಂತ ಬರದಾರು. ಪಗಾರ ನಿಂತರ ಏನ್ ಮಾಡ್ತಿ?"

ಅವಳು ಎಂದಿನಂತೆ ನೆಲದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಖುರ್ಚಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ನಿಂತರ ನಿಲ್ಲಲಿ. ಆ ಮನಶ್ಯಾ ಅವತ್ತ ನೆಲದ ಮ್ಯಾಲ ಕುಂತ ಹೋದ ನೋಡು, ಇದನ್ನ ತರೂತನಕ ನನಗ ಎಲಿ ರುಚಿನ ಹತ್ತಿರಲಿಲ್ಲ."