ನೀರು ಬೇಡದ ಗಿಡ

ತುಮಕೂರಿನ ನಮ್ಮ ಮನೆಯ ತಾರಸಿಗೆ ಹತ್ತಿದವರು ಯಾರೂ ಸುಮ್ಮನೆ ಇಳಿದು ಹೋಗುವುದಿಲ್ಲ. "ಇದೇನ್ರೀ, ಗಿಡಕ್ಕೂ ಹೊಟ್ಟೆ ಬಂದೈತೆ!" ಅನ್ನುತ್ತಾರೆ ಒಬ್ಬರು. "ಮೂಲಂಗಿ ಅರ್ಧ ಕಿತ್ತು ಹಂಗೇ ಬಿಟ್ಟಂಗೈತಲ್ಲ" ಅನ್ನುತ್ತಾರೆ ಇನ್ನೊಬ್ಬರು. ಅನ್ನಲಿ ಬಿಡಿ. ಅಡೇನಿಯಂ ಬೆಳೆಸುವುದರಲ್ಲಿ ನಮ್ಮ ಬಡಾವಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ.

ಮರುಭೂಮಿಯ ಗುಲಾಬಿ ಅಂತ ಅದಕ್ಕೆ ಹೆಸರು. ಹೂವಿಗಾಗಿ ಬೆಳೆಸುವವರು ಬೆಳೆಸಲಿ, ನಾನು ಬುಡಕ್ಕಾಗಿ ಬೆಳೆಸುವವಳು. ಕಷ್ಟಕಾಲಕ್ಕೆಂದು ನೀರನ್ನೆಲ್ಲ ಬುಡದಲ್ಲಿ ಕೂಡಿಟ್ಟುಕೊಂಡು ಊದಿಕೊಳ್ಳುವ ಗಿಡ ಅದು. ಅದರ ಕುಂಡಕ್ಕೆ ನಾನು ಮಣ್ಣು ಹಾಕುವುದೇ ಕಡಿಮೆ. ದಪ್ಪ ಮರಳು, ಇಟ್ಟಿಗೆ ಚೂರು, ಇದ್ದಿಲು, ಒಂದಿಷ್ಟು ಹಳೆಯ ಗೊಬ್ಬರ, ಅಷ್ಟೇ. ಮೇಲೆ ಹಾಕಿದ ನೀರು ನಿಲ್ಲದೆ ಕೆಳಗಿನ ತೂತಿನಿಂದ ಓಡಿಹೋಗಬೇಕು. ಕುಂಡ ಬದಲಿಸುವಾಗಲೆಲ್ಲ ಗಿಡವನ್ನು ಬೆರಳಷ್ಟು ಮೇಲೆತ್ತಿ ನೆಡಬೇಕು, ಆಗ ಒಳಗಿದ್ದ ಬೇರು ಹೊರಬಂದು ಬಿಸಿಲು ಕಂಡು ದಪ್ಪಗಾಗುತ್ತದೆ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಬಿಡಿಭಾಗಗಳ ಅಳತೆ ನೋಡಿ ಬರುವ ನನಗೆ, ಯಾರ ಅಳತೆಗೂ ಸಿಗದೆ ತಮ್ಮಿಷ್ಟಕ್ಕೆ ಊದುವ ಈ ಬುಡಗಳನ್ನು ನೋಡುವುದೇ ಒಂದು ಸುಖ.

ಎಲ್ಲದಕ್ಕಿಂತ ದೊಡ್ಡದನ್ನು ನಾನೇ ಬೀಜದಿಂದ ಎಬ್ಬಿಸಿದ್ದು. ಆಗ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು, ಈಗ ಕಾಲೇಜು ಸೇರಿದ್ದಾಳೆ. ಅದರ ಬುಡ ಚಕ್ಕಳಮಕ್ಕಳ ಹಾಕಿ ಕೂತ ಮನುಷ್ಯರ ಹಾಗೆ ಕುಂಡದ ತುಂಬಾ ಹರಡಿಕೊಂಡಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಗುಬ್ಬಿಯಿಂದ ನಮ್ಮ ಅತ್ತೆ ಬಂದರು. ಮಂಡಿ ನೋವು ಜಾಸ್ತಿಯಾಗಿತ್ತು. ಬಂದ ದಿನವೇ ನಡುಮನೆಯಲ್ಲಿ ಕೂತು ಶರತ್ತು ಹಾಕಿದರು. "ಯುಗಾದಿಗಂಟ ನೋಡ್ತೀನಿ ಕಣೇ. ಒಗ್ಗಿದ್ರೆ ಇಲ್ಲೇ ಇರ್ತೀನಿ. ಒಗ್ಗಲಿಲ್ಲ ಅಂದ್ರೆ ಕುಣಿಗಲ್‌ಗೆ ಮಗಳ ಮನೆಗೆ ಹೋಗ್ತೀನಿ. ಯಾರೂ ಬೇಜಾರ್ ಮಾಡ್ಕಬಾರದು."

ಅವರು ಇಲ್ಲೇ ಇರಬೇಕು ಅಂತ ನನಗೆ ಬಲವಾದ ಆಸೆ. ಜನ ನಂಬುವುದಿಲ್ಲ, ಅತ್ತೆ ಬೇಕು ಅನ್ನುವ ಸೊಸೆ ಎಲ್ಲಿದ್ದಾಳೆ ಅಂತ ನಗುತ್ತಾರೆ. ನನ್ನ ತಾಯಿ ಬೇಗ ಹೋದಳು. ಆಮೇಲೆ ನನ್ನನ್ನು ಗದರಿಸುವ ಹಕ್ಕಿದ್ದವರು ಇವರೊಬ್ಬರೇ. ಸಂಜೆ ನಾನು ಬಸ್ಸಿಳಿದು ಬಂದರೆ "ಮುಖ ಯಾಕೆ ಹಿಂಗ್ ಬಾಡೈತೆ, ಮೊದ್ಲು ಕಾಫಿ ಕುಡಿ, ಆಮೇಲೆ ನಿನ್ ಕಥೆ ಹೇಳು" ಅನ್ನುತ್ತಿದ್ದರು. ಆ ಮಾತಿಗಾಗಿಯೇ ನಾನು ಬೇಗ ಮನೆಗೆ ಬರುವುದನ್ನು ಕಲಿತೆ.

ಅತ್ತೆ ಸ್ನಾನ ಮಾಡಿ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವವರಲ್ಲ. ಪೂಜೆ ಮುಗಿದ ಮೇಲೆ ತಂಬಿಗೆಯಲ್ಲಿ ಉಳಿದ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಗುಬ್ಬಿಯಲ್ಲಿ ಹಿತ್ತಲ ತೆಂಗಿನ ಮರ ಆ ನೀರು ಕುಡಿಯುತ್ತಿತ್ತು. ನಮ್ಮ ಮನೆಯಲ್ಲಿ ಹಿತ್ತಲೆಲ್ಲಿ? ಸೈಟು ಮುಗಿಯುವವರೆಗೂ ಗೋಡೆ, ಮುಂದೆ ಒಂದಿಷ್ಟು ಟೈಲ್ಸು, ಅದರಾಚೆ ಕಾಂಕ್ರೀಟ್ ರಸ್ತೆ. ಮಣ್ಣು ಅನ್ನುವುದು ಇದ್ದದ್ದು ತಾರಸಿಯ ಕುಂಡಗಳಲ್ಲಿ ಮಾತ್ರ. ಇದೆಲ್ಲ ನನಗೆ ಹೊಳೆಯಲೇ ಇಲ್ಲ, ಯಾಕೆಂದರೆ ಅವರ ಪೂಜೆ ಮುಗಿಯುವ ಹೊತ್ತಿಗೆ ನಾನು ಹಿರೇಹಳ್ಳಿಯ ದಾರಿಯಲ್ಲಿರುತ್ತಿದ್ದೆ, ಭಾನುವಾರವಾದರೆ ಅಡುಗೆಮನೆಯಲ್ಲಿ.

ಚಳಿಗಾಲದಲ್ಲಿ ಅಡೇನಿಯಂ ಎಲೆ ಉದುರಿಸಿ ಮಲಗುತ್ತದೆ. ಆಗ ಅದರ ತಂಟೆಗೇ ಹೋಗಬಾರದು, ತೊಟ್ಟು ನೀರೂ ಬೇಡ. ಸಂಕ್ರಾಂತಿ ಹತ್ತಿರವಿದ್ದ ಒಂದು ಭಾನುವಾರ ತಾರಸಿಗೆ ಹೋಗಿ ದೊಡ್ಡ ಗಿಡದ ಬುಡವನ್ನು ಒತ್ತಿ ನೋಡಿದೆ. ಅಯ್ಯೋ ಶಿವನೇ! ಬೆರಳು ಹಣ್ಣಾದ ಪಪ್ಪಾಯಿಗೆ ಇಳಿದ ಹಾಗೆ ಒಳಕ್ಕೆ ಹೋಯಿತು. ಕುಂಡದ ತುಂಬಾ ಹಸಿ, ಕಂದು ಬಣ್ಣದ ರಸ, ಕೊಳೆತ ವಾಸನೆ. ಮಣ್ಣಿನ ಮೇಲೆ ಒಂದೆರಡು ಬಿಲ್ವದ ಎಲೆ, ಬಾಡಿದ ಕಣಗಿಲೆ ಹೂವು.

ಅಷ್ಟರಲ್ಲಿ ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಕೈಯಲ್ಲಿ ತಂಬಿಗೆ.

"ದಿನಾ ಇದಕ್ಕೇ ಹಾಕ್ತಾ ಇದ್ರಾ?" ಅಂದೆ.

"ಊ ಕಣೇ. ಎಲೆಯೆಲ್ಲ ಉದುರಿ ಬೋಳಾಗಿ ನಿಂತಿತ್ತು, ಪಾಪ. ನೋಡಿದ್ರೆ ಕರುಳು ಚುರುಕ್ ಅಂತಿತ್ತು."

"ಅದು ಮಲಗಿತ್ತು ಅತ್ತೆ! ನೀರು ಹಾಕಿ ಹಾಕಿ ಕೊಳೆಸಿಬಿಟ್ರಲ್ಲ!"

"ಪೂಜೆ ನೀರು. ತುಳಿಯೋ ಜಾಗದಲ್ಲಿ ಚೆಲ್ಲಕ್ಕಾಗುತ್ತಾ?"

"ಸಿಂಕಿಗೆ ಸುರೀಬೋದಿತ್ತಲ್ಲ!"

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದು. ಅತ್ತೆ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಂದ ಹಾಗೇ ಕಂಬಿ ಹಿಡಿದು ಕೆಳಗಿಳಿದರು. ಮಾರನೆಯ ಬೆಳಿಗ್ಗೆ "ಮಗಳನ್ನ ನೋಡ್ಕೊಂಡ್ ಬತ್ತೀನಿ" ಅಂತ ಕುಣಿಗಲ್ ಬಸ್ಸು ಹತ್ತಿದರು. ಪೂಜೆಯ ಸಾಮಾನನ್ನೆಲ್ಲ ಜೊತೆಗೇ ಒಯ್ದಿದ್ದರು. ಮಗಳನ್ನು ನೋಡಿ ಬರುವವರು ಅದನ್ನೆಲ್ಲ ಯಾಕೆ ಒಯ್ಯುತ್ತಾರೆ? ಖಾಲಿಯಾದ ದೇವರ ಮೂಲೆಯನ್ನು ನಾನು ಎರಡೆರಡು ಸಲ ಒರೆಸಿದೆ.

ಗಿಡದ ವಿಷಯಕ್ಕೆ ನಾನು ಹೆದರಲಿಲ್ಲ. ಅದು ನನ್ನ ಕೈಯಲ್ಲಿರುವ ಕೆಲಸ. ಗಿಡವನ್ನು ಕಿತ್ತು, ಬೇರು ತೊಳೆದು, ಕೈಗೆ ಗ್ಲೌಸ್ ಹಾಕಿಕೊಂಡೆ, ಅದರ ಹಾಲು ವಿಷ. ಚಾಕುವಿಗೆ ಬೆಂಕಿ ತೋರಿಸಿ ಕೊಳೆತದ್ದನ್ನೆಲ್ಲ ಕೆತ್ತಿದೆ. ಇಲ್ಲಿ ಕರುಣೆ ತೋರಿಸಬಾರದು, ಚೂರು ಕಂದು ಬಣ್ಣ ಉಳಿದರೂ ಮತ್ತೆ ಹಬ್ಬುತ್ತದೆ. ಬಿಳಿಯ ಗಟ್ಟಿ ತಿರುಳು ಸಿಗುವವರೆಗೂ ಕೆತ್ತುತ್ತಲೇ ಹೋದೆ. ಕೂತ ಮನುಷ್ಯನ ಒಂದು ತೊಡೆಯೇ ಹೋಯಿತು. ಗಾಯಕ್ಕೆ ಅರಿಶಿನ ಮೆತ್ತಿ, ಹಗ್ಗ ಕಟ್ಟಿ, ಮೆಟ್ಟಿಲ ಕೆಳಗೆ ನೆರಳಿನಲ್ಲಿ ತೂಗುಹಾಕಿದೆ. "ಗಿಡ ನೇಣು ಹಾಕ್ಕೊಂಡೈತೆ" ಅಂದರು ನಮ್ಮ ಯಜಮಾನರು. "ಬದುಕುತ್ತೆ, ನೋಡ್ತಿರಿ" ಅಂದೆ.

ಅತ್ತೆ ವಿಷಯ ಹಾಗಲ್ಲ. ಫೋನ್ ಮಾಡಿದರೆ ನಾದಿನಿ, "ಆರಾಮಾಗವ್ರೆ ಅತ್ಗೆ. ಬೆಳಿಗ್ಗೆ ದಾಸವಾಳದ ಬುಡಕ್ಕೆ ನೀರು ಹಾಕಿ ಅಲ್ಲೇ ಕೂತ್ಕತಾರೆ" ಅಂದಳು. ನನಗೆ ಅಸೂಯೆಯಾಯಿತು. ಹೌದು, ದಾಸವಾಳದ ಗಿಡದ ಮೇಲೆ. ಇಷ್ಟು ದೊಡ್ಡ ಮನೆ ಕಟ್ಟಿಸಿ ಒಂದು ತಂಬಿಗೆ ನೀರಿಗೆ ಜಾಗ ಇಟ್ಟಿಲ್ಲವಲ್ಲ ನಾವು ಅನ್ನಿಸಿತು.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಗಾಯ ಒಣಗಿದ ಗಿಡವನ್ನು ಹೊಸ ಕುಂಡಕ್ಕೆ ಕೂರಿಸಿದೆ. ಅದೇ ವಾರ ಗಾರೆಯವರನ್ನು ಕರೆಸಿ, ಗೇಟಿನ ಪಕ್ಕದ ಟೈಲ್ಸು ತೋರಿಸಿ "ಇದನ್ನ ಒಡೀರಿ" ಅಂದೆ. ಯಜಮಾನರು ಓಡಿ ಬಂದರು.

"ಏ, ನನ್ ಸ್ಕೂಟರ್ ಎಲ್ಲಿ ನಿಲ್ಲಿಸ್ಲಿ?"

"ತಲೆ ಮೇಲೆ ಇಟ್ಕೊಳ್ಳಿ."

ಟೈಲ್ಸಿನ ಕೆಳಗೆ ಕಾಂಕ್ರೀಟು, ಅದರ ಕೆಳಗೆ ಮನೆ ಕಟ್ಟಿದಾಗಿನ ಜಲ್ಲಿ, ಇಟ್ಟಿಗೆ ಚೂರು. ಅದನ್ನೆಲ್ಲ ಎತ್ತಿಸಿದ ಮೇಲೆ ಕೊನೆಗೂ ಮಣ್ಣು ಕಂಡಿತು. ಮೇಲೆ ಹೊಸ ಕೆಂಪು ಮಣ್ಣು ತುಂಬಿಸಿ, ಯಾರ ಕಾಲೂ ಬೀಳದ ಹಾಗೆ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿಸಿದೆ.

ಯುಗಾದಿಯ ಹಿಂದಿನ ದಿನ ನಾನೇ ಕುಣಿಗಲ್‌ಗೆ ಹೋದೆ. ಅತ್ತೆ ಜಗಲಿಯ ಮೇಲಿದ್ದರು.

"ಆ ಗಿಡ ಸತ್ತೋಯ್ತಾ?" ಅಂದರು ಮೊದಲಿಗೇ.

"ಚಿಗುರಿದೆ. ನನ್ ಕೈಲಿ ಸಾಯುತ್ತಾ?"

"ಜಂಬ ನೋಡು ಇವಳದ್ದು" ಅಂದರು, ಆದರೆ ಮುಖ ಸಡಿಲವಾಯಿತು. "ಹಬ್ಬಕ್ಕೆ ಬತ್ತೀನಿ. ಹಬ್ಬ ಮುಗಿಸ್ಕೊಂಡು ಬಂದ್‌ಬುಡ್ತೀನಿ."

ಬಂದುಬಿಡುತ್ತೀನಿ ಅಂದರೆ ಕುಣಿಗಲ್‌ಗೆ. ನಾನು ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಾಚೆಗೇ ನೋಡುತ್ತಾ ಕೂತೆ. ಅವರ ಕಡೆ ತಿರುಗಿದ್ದರೆ ಅತ್ತುಬಿಡುತ್ತಿದ್ದೆ. ಮನೆ ತಲುಪುವಾಗ ಕತ್ತಲಾಗಿತ್ತು, ಗೇಟಿನ ಪಕ್ಕ ಏನಿದೆಯೆಂದು ಅವರು ನೋಡಲಿಲ್ಲ.

ಹಬ್ಬದ ಬೆಳಿಗ್ಗೆ ಪೂಜೆ ಮುಗಿಯಿತು. ತಂಬಿಗೆ ಹಿಡಿದು ಅತ್ತೆ ನಡುಮನೆಯಲ್ಲಿ ನಿಂತರು. ತಾರಸಿಯ ಮೆಟ್ಟಿಲು ನೋಡಿದರು, ನನ್ನ ಮುಖ ನೋಡಿದರು. ನಾನು ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಗೇಟಿನ ಪಕ್ಕ ನಿಲ್ಲಿಸಿದೆ.

"ಇಲ್ಲಿ ಹಾಕಿ."

ಅವರು ಆ ಮಣ್ಣನ್ನು, ಸುತ್ತಲಿನ ಕಟ್ಟೆಯನ್ನು ನೋಡಿದರು. ಆಮೇಲೆ ಕಟ್ಟೆ ಹಿಡಿದು ಬಗ್ಗಿ, ನಿಧಾನವಾಗಿ ತಂಬಿಗೆ ಬಗ್ಗಿಸಿದರು. ಮಣ್ಣು ಅಷ್ಟನ್ನೂ ಕುಡಿಯಿತು.

"ಬರೀ ಮಣ್ಣಿಗೆ ಹಾಕಕ್ಕಾಗುತ್ತೇನೇ? ಗುಬ್ಬಿಯಿಂದ ಒಂದು ತೆಂಗಿನ ಸಸಿ ತರ್ಸು" ಅಂದರು.

"ಗೇಟ್ ಹತ್ರ ತೆಂಗಾ? ಕಾಯಿ ಯಾರ ತಲೆ ಮೇಲಾದ್ರೂ ಬಿದ್ರೆ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಾಯಿ ಬಿಡೋಗಂಟ ನಾನು ಇಲ್ಲೇ ಇರ್ತೀನಲ್ಲ, ಆಗ ನೋಡ್ಕೊಳಾನ ಬುಡು."