ಮಷಿನ್ನಿಗೆ ಹಾಕಿದ ಕಡಾಣಿ

ಮೊಮ್ಮಕ್ಕಳೇ, ನಮ್ಮ ಬಟ್ಟೆ ಒಗೆಯುವ ಮಷಿನ್ ಕೆಟ್ಟಿದ್ದು ನನ್ನಿಂದ. ನಿಮ್ಮ ಅವ್ವ ಇದನ್ನು ಯಾರಿಗೂ ಹೇಳಿಲ್ಲ. ಅದಕ್ಕೆ ನಾನೇ ಬರೆದಿಡುತ್ತಿದ್ದೇನೆ.

ದೀಪಾವಳಿಗೆ ಮುಂಚೆ ಧೂಳು ತೆಗೆಯಲೆಂದು ಶಹಾಪುರದ ಈ ಮನೆಯಲ್ಲಿ ಮಷಿನ್ನನ್ನು ಮುಂದೆ ಎಳೆದಿದ್ದೆ. ಮರುದಿನ ಬಟ್ಟೆ ಹಿಂಡುವಾಗ ಅದು ಟಕ್ ಟಕ್ ಎನ್ನತೊಡಗಿತು. ನಿಮ್ಮ ಅವ್ವ ಕೆಲಸಕ್ಕೆ ಹೋಗಿದ್ದಳು. ಹಿಂದೆ ಬಗ್ಗಿ ನೋಡಿದೆ. ನಾಲ್ಕು ಪ್ಲಾಸ್ಟಿಕ್ ಮುಚ್ಚಳಗಳಿದ್ದವು. ಒಂದನ್ನು ಕಿತ್ತರೆ ಒಳಗೆ ಬರೀ ತೂತು. ಮಷಿನ್ ತಂದಾಗಿನಿಂದ ಅಡುಗೆಮನೆಯ ಡ್ರಾವರಿನಲ್ಲಿ ಜೋಪಾನವಾಗಿಟ್ಟಿದ್ದ ನಾಲ್ಕು ಉದ್ದನೆಯ ಬೋಲ್ಟುಗಳು ನೆನಪಾದವು. ಜೊತೆಗಿದ್ದ ಚೀಟಿ ಇಂಗ್ಲಿಷಿನದು, ನನಗೆ ಓದಲು ಬಾರದು.

ಖಾನಾಪುರ ಕಡೆಯ ಪಾರಿಶ್ವಾಡದಲ್ಲಿ ನಮ್ಮಪ್ಪ ಎತ್ತಿನ ಗಾಡಿ ಹೂಡುವ ಮೊದಲು ಕಡಾಣಿ ಮುಟ್ಟಿ ನೋಡುತ್ತಿದ್ದ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಬ್ಬಿಣದ ಮೊಳೆ ಅದು. ಇವೂ ಮಷಿನ್ನಿನ ಕಡಾಣಿಗಳೇ, ಯಾರೋ ಹಾಕಲು ಮರೆತಿದ್ದಾರೆ ಎಂದುಕೊಂಡೆ. ಬೋಲ್ಟು ತಿರುವುವ ನಿಮ್ಮ ಅಜ್ಜನ ಪಾನಾ ತಂದು ನಾಲ್ಕನ್ನೂ ಬಿಗಿದು, ಮಷಿನ್ನನ್ನು ಗೋಡೆಗೆ ತಳ್ಳಿದೆ.

ಮುಂದಿನ ಸಲ ಅದು ಬಚ್ಚಲುಮನೆ ತುಂಬ ಕುಣಿಯಿತು. ನಿಮ್ಮ ಅವ್ವ ಗಾಬರಿಯಾಗಿ ಪ್ಲಗ್ ಕಿತ್ತಳು. ಐದು ದಿನ ಕೈಯಲ್ಲೇ ಒಗೆದಳು. ಬಲ ಮಣಿಕಟ್ಟು ಬಾತುಹೋಯಿತು. ನಾನು ಒಗೆಯಲು ಹೋದರೆ, "ಸರೀರಿ ಅತ್ತಿ, ನಿಮ್ಮ ಸೊಂಟ ಹಿಡೀತದ" ಎನ್ನುತ್ತಿದ್ದಳು. ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದೆ. "ಚಾ ಮಾಡಲೇನವಾ?" ಎಂದಷ್ಟೇ ಬರುತ್ತಿತ್ತು.

ಆರನೆಯ ದಿನ ರಿಪೇರಿಯವನು ಬಂದ. ಒಂದು ಗಳಿಗೆ ಓಡಿಸಿ ಕಿವಿಗೊಟ್ಟ.

"ಬೇರಿಂಗ್ ಹೋಗಿರಬೇಕ್ರಿ ಅಕ್ಕಾರ. ಅಂಗಡಿಗೆ ಒಯ್ದು ಪೂರಾ ಬಿಚ್ಚಬೇಕು. ಹಳೇ ಮಷಿನ್, ಮತ್ತ ನಡೀತದ ಅಂತ ಖಾತ್ರಿ ಕೊಡಂಗಿಲ್ಲ."

ನಿಮ್ಮ ಅವ್ವ ಮಣಿಕಟ್ಟು ಹಿಡಿದುಕೊಂಡು ನಿಂತಳು. ಅವನು ಟೆಂಪೋ ಕರೆಸಲು ಫೋನ್ ತೆಗೆದ. ಗುರುತಿಲ್ಲದ ಗಂಡಸರ ಮುಂದೆ ಮಾತಾಡಿ ನನಗೆ ರೂಢಿಯಿಲ್ಲ. ಬಾಗಿಲ ಹಿಂದಿನಿಂದಲೇ ಹೇಳಿದೆ.

"ಅದಕ್ಕ ನಾ ಕಡಾಣಿ ಹಾಕೀನಿ."

"ಏನ್ ಹಾಕೀರಿ ಆಯಿ?"

"ಕಡಾಣಿ. ಹಿಂದ. ನಾಕು."

ಅವನು ಮಷಿನ್ ತಿರುಗಿಸಿ ನೋಡಿದ. ನಗುತ್ತ ನೆಲಕ್ಕೇ ಕೂತುಬಿಟ್ಟ.

"ಅಯ್ಯ ಆಯಿ! ಇವು ಅಂಗಡಿಯಿಂದ ತರೂವಾಗ ಡ್ರಮ್ ಅಲ್ಲಾಡಬಾರದಂತ ಹಾಕೂವು. ತಿರುಗೂವಾಗ ಅದು ಒಳಗ ಜೋತಾಡಬೇಕು. ನೀವು ಎತ್ತಿನ ಕಾಲು ಕಟ್ಟಿ ಓಡು ಅಂದಂಗಾತು!"

ಬೋಲ್ಟು ಬಿಚ್ಚಿದ. ಮೇಲಿನ ಮೂಲೆ ಒತ್ತಿದರೆ ಟಕ್ ಎಂದಿತು. ನಾನು ಎಳೆದಾಗ ಮಷಿನ್ನಿನ ಒಂದು ಕಾಲು ನೆಲ ಬಿಟ್ಟು ಮೇಲೆ ನಿಂತಿತ್ತಂತೆ. ಮೊದಲಿನ ಸಪ್ಪಳ ಅದರದ್ದೇ. ಕಾಲು ತಿರುವಿ ನೆಲಕ್ಕೆ ಕೂಡಿಸಿ, ಮುಚ್ಚಳ ಹಾಕಿ ಹೋದ.

ನಿಮ್ಮ ಅವ್ವ ನಕ್ಕಿರಲಿಲ್ಲ.

"ಐದು ದಿನ ಯಾಕ ಹೇಳಲಿಲ್ಲರಿ ಅತ್ತಿ?"

"ನೀ ಬೈತಿ ಅಂತ."

"ನಾ ಯಾವಾಗ ಬೈದೀನಿ?"

ಬಹಳ ಹೊತ್ತು ನೆನಪು ಮಾಡಿಕೊಂಡೆ. "ಬೈದಿಲ್ಲ" ಎಂದೆ.

ಅವಳು ಬಕೀಟಿನಲ್ಲಿ ನೆನೆಯುತ್ತಿದ್ದ ಚಾದರಗಳನ್ನು ಎಡಗೈಯಿಂದ ಮಷಿನ್ನಿಗೆ ತುಂಬಿದಳು. "ಬಟನ್ ನೀವ ಒತ್ತರಿ" ಎಂದಳು. ಒತ್ತಿದೆ. ಅದು ಕುಣಿಯದೆ ಬಟ್ಟೆ ಹಿಂಡಲು ಶುರುಮಾಡುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.