ಬೈಟೂ ಮಾತ್ರೆ

ಇವತ್ತು ಬೆಳಗ್ಗೆ ಲಗ್ಗೆರೆಯ ದರ್ಶಿನಿಯಲ್ಲಿ ಯಾರೋ ‘ಒಂದು ಬೈಟೂ ಕಾಫಿ’ ಅಂದರು. ತಕ್ಷಣ ನನ್ನ ಹೆಬ್ಬೆರಳು, ತೋರುಬೆರಳು ಏನನ್ನೋ ಮುರಿಯುವಂತೆ ಒತ್ತಿಕೊಂಡವು. ನಗಬೇಡಿ, ಅವುಗಳಿಗೆ ಹಳೆಯ ಅಭ್ಯಾಸ. ಒಂದು ಕಾಲದಲ್ಲಿ ನಾನು ಬಿ.ಪಿ. ಮಾತ್ರೆಯನ್ನೂ ಬೈಟೂ ಮಾಡಿದವನು.

ನಮ್ಮಲ್ಲಿ ಬೈಟೂ ಎಂದರೆ ಜಿಪುಣತನವಲ್ಲ, ಸಲುಗೆ. ಪೀಣ್ಯದ ಲೇತ್ ಶಾಪಿನಲ್ಲಿ ನಾನೂ ಬಸಪ್ಪನೂ ಅಕ್ಕಪಕ್ಕದ ಮಷೀನಿನವರು. ಟೀ, ಬೋಂಡಾ, ಪೇಪರು, ಎಲ್ಲವೂ ಅರ್ಧರ್ಧ. ಪೇಪರಿನಲ್ಲಿ ಕ್ರಿಕೆಟ್ಟಿನ ಪುಟ ಅವನಿಗೆ, ರಾಶಿಭವಿಷ್ಯ ನನಗೆ. ಅವನು ಬಾಗಲಕೋಟೆ ಕಡೆಯವನು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ನಮ್ಮ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಾನೆ. ವಯಸ್ಸಾಗುತ್ತಾ ಇಬ್ಬರಿಗೂ ಬಿ.ಪಿ. ಬಂತು, ಇಬ್ಬರಿಗೂ ಒಂದೇ ಮಾತ್ರೆ ಬಂತು. ಹತ್ತು ಗಂಟೆಯ ಟೀ ಬಂದಾಗ ಒಟ್ಟಿಗೆ ನುಂಗುತ್ತಿದ್ದೆವು. ಟೀ ಬಂತೆಂದರೆ ಮಾತ್ರೆ ನೆನಪಾಗುತ್ತಿತ್ತು, ಅಷ್ಟೇ ನಮ್ಮ ಶಿಸ್ತು.

ಕೊರೊನಾ ಬಂದು ಶಾಪು ಮುಚ್ಚಿತು, ಟೀ ನಿಂತಿತು. ಮೊದಲ ವಾರ ನಾನು ಮಾತ್ರೆಯನ್ನೇ ಮರೆತೆ. ಎರಡನೆಯ ವಾರ ಇಡೀ ದಿನ ಟಿ.ವಿ. ನೋಡಿ, ಇನ್ನು ಪ್ರಪಂಚದಲ್ಲಿ ಮಾತ್ರೆಯೇ ಸಿಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮೆಡಿಕಲ್ ಶಾಪು ಇದ್ದದ್ದು ಮುಂದಿನ ತಿರುವಿನಲ್ಲಿ. ಅದು ತೆರೆದಿದೆಯೇ ಎಂದು ನೋಡಿ ಬರುವಷ್ಟು ಬುದ್ಧಿ ಬರಲಿಲ್ಲ. ಹೆದರಿದವನಿಗೆ ಲೆಕ್ಕ ಬರುತ್ತದೆ, ವಿವೇಕ ಬರುವುದಿಲ್ಲ. ಬಸಪ್ಪನಿಗೆ ಮಾತ್ರೆ ಕೊಡುತ್ತಿದ್ದದ್ದು ಪೇಟೆ ನಡುವಿನ ಸರ್ಕಾರಿ ಆಸ್ಪತ್ರೆ, ಅಲ್ಲಿಗೆ ಬಸ್ಸಿಲ್ಲ. ನಿನ್ನ ಹತ್ತಿರ ಎಷ್ಟಿದೆ ಎಂದು ಕೇಳಿದ್ದಕ್ಕೆ, ಮುಗಿಯುತ್ತಾ ಬಂದಿದೆ ಅಂದ. ‘ಚಿಂತೆ ಮಾಡ್ಬೇಡ ಕಣಯ್ಯ, ಬೈಟೂ ಮಾಡೋಣ’ ಅಂದೆ. ದಾನಶೂರನ ಗತ್ತು ನನ್ನದು.

ಅಂದಿನಿಂದ ದಿನಾ ಬೆಳಗ್ಗೆ ಹತ್ತಕ್ಕೆ ಮೆಟ್ಟಿಲು ಹತ್ತುತ್ತಿದ್ದೆ. ಅರ್ಧ ಮಾತ್ರೆಯನ್ನು ಕಾಗದದಲ್ಲಿ ಮಡಿಸಿ ಮೇಲಿನ ಮೆಟ್ಟಿಲಲ್ಲಿಟ್ಟು, ಆರು ಮೆಟ್ಟಿಲು ಕೆಳಗಿಳಿದು ಕೂರುತ್ತಿದ್ದೆ. ಅವನು ಬಾಗಿಲಲ್ಲಿ, ನಾನು ಕೆಳಗೆ, ಇಬ್ಬರ ಮೂತಿಗೂ ಮಾಸ್ಕು. ಅವನು ಮಗಳ ಆನ್‌ಲೈನ್ ಪಾಠದ ಕಥೆ ಹೇಳುತ್ತಿದ್ದ, ನಾನು ಟಿ.ವಿ.ಯವರ ಕಥೆ. ಗಂಟೆಗಟ್ಟಲೆ ಕಳೆಯುತ್ತಿತ್ತು. ಇವರು ಮಾತ್ರೆ ಕೊಡಲು ಹೋದರೆ ಊಟದ ಹೊತ್ತಿಗೇ ಇಳಿಯುವುದು ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಮೂರು ವಾರ ಹೀಗೆ ನಡೆಯಿತು. ಒಂದು ದಿನ ಬಸಪ್ಪ ಬಾಗಿಲು ತೆರೆದವನು ಚೌಕಟ್ಟು ಹಿಡಿದುಕೊಂಡು ಹಾಗೆಯೇ ಕುಸಿದ. ಆರು ಮೆಟ್ಟಿಲಿನ ಅಂತರ ಮರೆತು ಓಡಿ ಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಪುಣ್ಯಕ್ಕೆ ಜ್ವರ ವಿಚಾರಿಸಲು ಬಂದಿದ್ದ ಆಶಾ ಕಾರ್ಯಕರ್ತೆ ಮಂಜುಳಾ ಬೀದಿಯಲ್ಲೇ ಇದ್ದರು. ಅವರು ಫೋನು ಮಾಡಿ ಆಂಬುಲೆನ್ಸ್ ಕರೆಸಿದರು. ಬಿ.ಪಿ. ಕೈಮೀರಿ ಏರಿತ್ತು, ಇನ್ನೆರಡು ದಿನ ಬಿಟ್ಟಿದ್ದರೆ ಲಕ್ವ ಹೊಡೆಯುತ್ತಿತ್ತು ಎಂದರು ಡಾಕ್ಟರು. ನಾನು ಬೈಟೂ ವಿಷಯ ಒಪ್ಪಿಕೊಂಡಾಗ ಮಂಜುಳಾ ನನ್ನನ್ನೇ ದುರುಗುಟ್ಟಿ ನೋಡಿ, ‘ಮಾತ್ರೆ ಏನು ಬೋಂಡಾನಾ ಸಾರ್?’ ಅಂದರು. ಮೆಡಿಕಲ್ ಶಾಪು ಒಂದು ದಿನವೂ ಮುಚ್ಚಿರಲಿಲ್ಲವಂತೆ.

ಎರಡು ದಿನದ ಮೇಲೆ ಅವನು ಮನೆಗೆ ಬಂದ. ಮಂಜುಳಾ ಬಂದು, ಹಳೆಯ ಮಾತ್ರೆ ಏನಾದರೂ ಇದ್ದರೆ ತೋರಿಸಿ ಅಂದರು. ಬಸಪ್ಪ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಟ್ರಂಕು ತೆಗೆದ. ಬಟ್ಟೆಯ ಕೆಳಗೆ ಮೂರು ಪಟ್ಟಿ ಮಾತ್ರೆ, ಒಂದೂ ಮುರಿಯದೆ ಹಾಗೇ ಇದ್ದವು.

ನನಗೆ ಉರಿದುಹೋಯಿತು. ಮಂಜುಳಾ ಇಳಿದು ಹೋಗುವವರೆಗೆ ತಡೆದುಕೊಂಡು, ಸಾಯೋಕೆ ಹೊರಟಿದ್ದೆಯಾ ಎಂದು ರೇಗಿದೆ. ಅವನು ಟ್ರಂಕು ಮುಚ್ಚುತ್ತಾ ಅಂದ: ‘ನೀವು ಅರ್ಧ ನುಂಗೂದು ನೋಡಿ ನಾ ಇಡೀ ಗುಳಗಿ ಹೆಂಗ ನುಂಗ್ಲಿರಿ? ನನ್ನ ಹಂತೇಕ ಗುಳಗಿ ಅದಾವ ಅಂದಿದ್ರ, ನೀವು ದಿನಾ ಮ್ಯಾಲ ಬರ್ತಿದ್ರೇನ್ರಿ ಅಣ್ಣಾರ?’

ನಾನು ಬರುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ಗೋಡೆಯ ನಡುವೆ ಅವನು ಕಳೆದ ದಿನಗಳನ್ನು ನೆನೆದು ನನಗೆ ನಾಚಿಕೆಯಾಯಿತು. ಅಳುವೂ ಬಂತು, ಮಾಸ್ಕು ಇದ್ದದ್ದು ಒಳ್ಳೆಯದಾಯಿತು.

ಈಗ ನಾನು ಶಾಪು ಬಿಟ್ಟಿದ್ದೇನೆ, ಬಸಪ್ಪ ಇನ್ನೂ ಹೋಗುತ್ತಾನೆ. ಇವತ್ತು ಭಾನುವಾರ, ಅವನಿಗೆ ರಜೆ. ದರ್ಶಿನಿಯಿಂದ ಬಂದವನು ನಮ್ಮ ಮನೆಯ ಬಾಗಿಲು ದಾಟಿ ನೇರ ಮೇಲೆ ಹತ್ತಿದೆ. ಬಟ್ಟೆ ಒಣಹಾಕುತ್ತಿದ್ದ ಬಸಪ್ಪ ತಿರುಗಿ ನೋಡಿ, ‘ಏನರ ಕೆಲಸ ಇತ್ತೇನ್ರಿ?’ ಅಂದ.

‘ಏನೂ ಇಲ್ಲ ಕಣಯ್ಯ’ ಅಂದು ಒಳಗೆ ಹೋಗಿ ಅವನ ಮಂಚದ ಮೇಲೆ ಕೂತೆ.